ಪೊಲೀಸರ ಮನೆಗೆ ಯೋಗವೋ, ರಜೆಯೋ?

ನಮ್ಮ ಹಿರಿಯರು ಕಾಗದ ಬರೆಯುವಾಗ ಮೊದಲ ಸಾಲಿನಲ್ಲೇ ‘ಉಭಯ ಕುಶಲೋಪರಿ ಸಾಂಪ್ರತ’ ಎಂದು ಬರೆಯುತ್ತಿದ್ದರು. ‘ನಾವು ಇತ್ತ ಕ್ಷೇಮ, ನಿಮ್ಮ ಕ್ಷೇಮಸಮಾಚಾರಕ್ಕೆ ಆಗಾಗ್ಗೆ ಕಾಗದ ಬರೆಯುತ್ತಿರಬೇಕು’ ಎಂಬ ಮಾತು ಅದರ ಬೆನ್ನಿಗೇ ಬರುತ್ತಿತ್ತು. ಕ್ಷೇಮ ಕೇಳಿದವನು ಉತ್ತರಕ್ಕಾಗಿ ಕಾಯುತ್ತಿದ್ದನೆಂಬುದು ಅದರ ಸೌಜನ್ಯ. ಈಗ ದೇಶದ ಹಲವು ಸರ್ಕಾರಗಳು ಪೊಲೀಸರ ಕುಟುಂಬಗಳ ಕ್ಷೇಮವನ್ನು ವಿಚಾರಿಸತೊಡಗಿವೆ. ತೀರ ಸಂತೋಷದ ಸಂಗತಿ. ಆದರೆ ಇವರು ಕ್ಷೇಮ ಕೇಳುತ್ತಾರೆಯೇ ಹೊರತು ಉತ್ತರಕ್ಕೆ ನಿಲ್ಲುವುದಿಲ್ಲ. ನನ್ನ ತಕರಾರಿರುವುದು ಅಲ್ಲಿ.

ಈ ಕ್ಷೇಮ ಕಾರ್ಯಕ್ರಮಗಳ ಸ್ವರೂಪ ವಾಚಕರಿಗೆ ತಿಳಿದದ್ದೇ. ಒಂದು ಭಾನುವಾರ ಪೊಲೀಸ್ ಮೈದಾನದಲ್ಲಿ ಶಾಮಿಯಾನ ಏಳುತ್ತದೆ. ಯೋಗಾಸನ, ಧ್ಯಾನ, ಒತ್ತಡವನ್ನು ನಿಭಾಯಿಸುವ ಬಗೆಯ ಮೇಲೆ ಒಂದು ಉಪನ್ಯಾಸ, ರಕ್ತದೊತ್ತಡ ಮತ್ತು ಸಕ್ಕರೆಯ ತಪಾಸಣೆ, ಹೆಂಗಸರಿಗೆ ರಂಗೋಲಿ ಸ್ಪರ್ಧೆ, ಮಕ್ಕಳಿಗೆ ಚಿತ್ರ ಬರೆಯುವ ಸ್ಪರ್ಧೆ, ಕೊನೆಗೆ ಊಟ. ಇವು ಯಾವುವೂ ಕೆಟ್ಟದ್ದಲ್ಲ. ನಮ್ಮ ರಾಜ್ಯದಲ್ಲಿ ಪೊಲೀಸರಿಗೂ ಅವರನ್ನು ಅವಲಂಬಿಸಿದವರಿಗೂ ‘ಆರೋಗ್ಯ ಭಾಗ್ಯ’ ಎಂಬ ಯೋಜನೆ ಉಂಟು; ಆಸ್ಪತ್ರೆಗೆ ಸೇರಿದಾಗ ಕೈಯಿಂದ ಹಣ ಕಟ್ಟದೆ ಚಿಕಿತ್ಸೆ ಪಡೆಯಲು ಅದು ನೆರವಾಗುತ್ತದೆ. ಇಂಥದನ್ನು ಬೇಡವೆನ್ನುವವನು ಮೂರ್ಖ. ಆದರೆ ಶಾಮಿಯಾನದ ಕಾರ್ಯಕ್ರಮಗಳ ಹಿಂದೆ ಒಂದು ಊಹೆ ಅಡಗಿದೆ: ಪೊಲೀಸನ ಸಂಸಾರ ಸೊರಗಿದ್ದರೆ ಆ ಮನೆಯವರಿಗೆ ಸಹನೆ ಸಾಲದು, ಸಹನೆಯನ್ನು ಕಲಿಸಬೇಕು ಎಂಬ ಊಹೆ. ರೋಗವಿರುವುದು ಠಾಣೆಯ ಡ್ಯೂಟಿ ಪುಸ್ತಕದಲ್ಲಿ. ಔಷಧವನ್ನು ಕುಡಿಸುವುದು ಅಡಿಗೆಮನೆಯಲ್ಲಿ ನಿಂತವಳಿಗೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಗಾದೆ ಇದಕ್ಕೆಂದೇ ಹುಟ್ಟಿತೋ ಏನೋ!

ನಮ್ಮ ಬೀದಿಯಲ್ಲಿ ದಫೇದಾರರೊಬ್ಬರ ಮನೆ ಇದೆ. ಅವರ ಮಕ್ಕಳಿಬ್ಬರೂ ನನ್ನಲ್ಲಿ ಪಾಠ ಹೇಳಿಸಿಕೊಂಡವರು. ಇಂಥದೇ ಒಂದು ಶಿಬಿರ ಮುಗಿಸಿಕೊಂಡು ಬಂದ ಆ ಮನೆಯಾಕೆಯನ್ನು, “ಹೇಗಿತ್ತಮ್ಮ ಶಿಬಿರ?” ಎಂದು ಕೇಳಿದೆ.

“ಚೆನ್ನಾಗಿತ್ತು ಮೇಷ್ಟ್ರೇ. ಉಸಿರು ಎಳೆಯೋದು, ಹಿಡಿಯೋದು, ಬಿಡೋದು ಎಲ್ಲಾ ಹೇಳಿಕೊಟ್ಟರು. ಯಜಮಾನರು ದಣಿದು ಬಂದಾಗ ನಗುಮುಖದಿಂದ ಬಾಗಿಲು ತೆಗೀಬೇಕು ಅಂದರು. ನಾನು ಎದ್ದು ನಿಂತು, ಎಷ್ಟು ಗಂಟೆಗೆ ಬರ್ತಾರೆ ಅಂತ ಒಂದು ಮಾತು ತಿಳಿಸಿಬಿಟ್ಟರೆ ಅಷ್ಟು ಹೊತ್ತಿಗೆ ಮುಖ ತೊಳಕೊಂಡು ನಗ್ತಾ ಇರ್ತೀನಿ ಸ್ವಾಮಿ ಅಂದೆ. ಎಲ್ಲರೂ ನಕ್ಕುಬಿಟ್ಟರು. ಉತ್ತರ ಮಾತ್ರ ಯಾರೂ ಹೇಳಲಿಲ್ಲ.”

“ಅವರೂ ಬಂದಿದ್ದರೇ ಶಿಬಿರಕ್ಕೆ?”

“ಎಲ್ಲಿ ಬಂದಾರು? ಅವತ್ತು ಬಂದೋಬಸ್ತು.”

ಆಕೆ ಕೇಳಿದ ಪ್ರಶ್ನೆ ತಮಾಷೆಯದಲ್ಲ. ಈ ದೇಶದಲ್ಲಿ ಆ ಪ್ರಶ್ನೆಗೆ ನಾಲ್ಕು ದಶಕಗಳ ಮೇಲ್ಪಟ್ಟ ಇತಿಹಾಸವಿದೆ. ಒಮ್ಮೆ ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದ ಧರ್ಮವೀರ ಅವರ ಅಧ್ಯಕ್ಷತೆಯಲ್ಲಿ 1977ರಲ್ಲಿ ರಾಷ್ಟ್ರೀಯ ಪೊಲೀಸ್ ಆಯೋಗ ನೇಮಕವಾಯಿತು. 1979ರ ಫೆಬ್ರುವರಿಯಲ್ಲಿ ಅದು ತನ್ನ ಮೊದಲನೆಯ ವರದಿಯನ್ನು ಒಪ್ಪಿಸಿತು. ಆ ಮೊದಲ ವರದಿ ಹೆಚ್ಚಾಗಿ ಕಾನ್‌ಸ್ಟೇಬಲ್ಲನ ಸ್ಥಿತಿಗತಿಯನ್ನೇ ಕುರಿತದ್ದು. ಕೆಳಹಂತದ ಪೊಲೀಸರು ದಿನಕ್ಕೆ 10ರಿಂದ 16 ಗಂಟೆ, ವಾರಕ್ಕೆ ಏಳು ದಿನವೂ ದುಡಿಯುತ್ತಾರೆಂದು ಅದರಲ್ಲಿ ಬರೆದಿದೆ. 2014ರಲ್ಲಿ ಕೇಂದ್ರದ ಪೊಲೀಸ್ ಸಂಶೋಧನೆ ಮತ್ತು ಅಭಿವೃದ್ಧಿ ಬ್ಯೂರೊದ ಪರವಾಗಿ ಹೈದರಾಬಾದಿನ ಅಡ್ಮಿನಿಸ್ಟ್ರೇಟಿವ್ ಸ್ಟಾಫ್ ಕಾಲೇಜ್ ಆಫ್ ಇಂಡಿಯಾ ಮತ್ತೊಮ್ಮೆ ಲೆಕ್ಕ ಹಾಕಿತು. ಠಾಣೆಯ ಸಿಬ್ಬಂದಿಯಲ್ಲಿ ನೂರಕ್ಕೆ ಸುಮಾರು 90 ಮಂದಿ 8 ಗಂಟೆಗಿಂತ ಹೆಚ್ಚು ದುಡಿಯುತ್ತಾರೆ, ನೂರಕ್ಕೆ 70ಕ್ಕಿಂತ ಹೆಚ್ಚು ಮಂದಿಗೆ ತಿಂಗಳಿಗೆ ಒಂದು ವಾರದ ರಜೆಯೂ ಸಿಕ್ಕುವುದಿಲ್ಲ ಎಂದು ತಿಳಿದುಬಂತು. 2019ರಲ್ಲಿ ಕಾಮನ್ ಕಾಸ್ ಮತ್ತು ಸಿಎಸ್‌ಡಿಎಸ್ ಸಂಸ್ಥೆಗಳು 21 ರಾಜ್ಯಗಳಲ್ಲಿ ಸುಮಾರು 12,000 ಪೊಲೀಸರನ್ನು ಮಾತನಾಡಿಸಿದವು. ಸರಾಸರಿ ದುಡಿಮೆ ದಿನಕ್ಕೆ 14 ಗಂಟೆ. ಇಬ್ಬರಲ್ಲಿ ಒಬ್ಬನಿಗೆ ವಾರದ ರಜೆಯೇ ಇಲ್ಲ. 1979ರಿಂದ 2019ಕ್ಕೆ ನಲವತ್ತು ವರ್ಷ. ಅಷ್ಟರಲ್ಲಿ ಕಾನ್‌ಸ್ಟೇಬಲ್ಲನ ಚಡ್ಡಿ ಹೋಗಿ ಪ್ಯಾಂಟು ಬಂತು, ಲಾಠಿಯ ಜೊತೆಗೆ ವೈರ್‌ಲೆಸ್ಸು ಬಂತು, ಜೇಬಿಗೆ ಮೊಬೈಲು ಬಂತು. ಅವನು ಮನೆಗೆ ಹೋಗುವ ಹೊತ್ತು ಮಾತ್ರ ಇದ್ದಲ್ಲೇ ಇದೆ.

ಹದಿನಾಲ್ಕು ಗಂಟೆಯೆಂದರೆ ಏನೆಂಬುದನ್ನು ಮನೆಯ ಲೆಕ್ಕಕ್ಕೆ ಇಳಿಸಿ ನೋಡೋಣ. ದಿನದಲ್ಲಿ ಉಳಿಯುವುದು ಹತ್ತು ಗಂಟೆ. ಬೆಂಗಳೂರಿನಂಥ ಊರಿನಲ್ಲಿ ಠಾಣೆಗೆ ಹೋಗಿಬರಲು ಒಂದೂವರೆ ಗಂಟೆ ಬೇಕು. ಸ್ನಾನಕ್ಕೆ, ಊಟಕ್ಕೆ, ಬೂಟಿಗೆ ಪಾಲಿಶ್ ಹಾಕಿ ಯೂನಿಫಾರಂ ಸರಿಮಾಡಿಕೊಳ್ಳಲು ಇನ್ನೊಂದೂವರೆ ಗಂಟೆ. ಏಳು ಗಂಟೆ ನಿದ್ದೆ ಮಾಡಿದನೆಂದರೆ ಹೆಂಡತಿ, ಮಕ್ಕಳು, ವಯಸ್ಸಾದ ತಾಯಿ, ನೆಂಟರಿಷ್ಟರು, ಬ್ಯಾಂಕು, ರೇಷನ್ನು ಎಲ್ಲಕ್ಕೂ ಸೇರಿ ಉಳಿಯುವುದು ಸೊನ್ನೆ. ಮನೆಯವರಿಗೆ ಒಂದು ಗಂಟೆ ಕೊಡಬೇಕಾದರೆ ನಿದ್ದೆಯಿಂದ ಒಂದು ಗಂಟೆ ಕದಿಯಬೇಕು. ಹಾಗೆ ನಿದ್ದೆಗೆಟ್ಟವನು ಮಗನ ಮೇಲೆ ರೇಗುತ್ತಾನೆ. ಮರುದಿನ ಠಾಣೆಗೆ ದೂರು ಕೊಡಲು ಬಂದ ನಿಮ್ಮ ಮೇಲೂ ರೇಗುತ್ತಾನೆ. ಇನ್ನು ಪೊಲೀಸ್ ಕೆಲಸದಲ್ಲಿರುವವಳು ಹೆಂಗಸಾದರಂತೂ, ಹದಿನಾಲ್ಕು ಗಂಟೆ ಮುಗಿಸಿ ಬಂದವಳಿಗಾಗಿ ಒಲೆ ಕಾದಿರುತ್ತದೆ. ಹಾಲು ಕುಡಿಯುವ ಕೂಸನ್ನು ಯಾರ ಮಡಿಲಲ್ಲಿ ಹಾಕಿ ಬಂದೋಬಸ್ತಿಗೆ ಹೋದಳೆಂದು ಯಾವ ರೋಲ್ ಕಾಲಿನಲ್ಲೂ ಕೇಳುವುದಿಲ್ಲ. ಇಂಥ ಮನೆಗೆ ಹೋಗಿ ಕಣ್ಣು ಮುಚ್ಚಿಕೊಂಡು ಧ್ಯಾನ ಮಾಡಿರೆಂದರೆ, ಕಣ್ಣು ಮುಚ್ಚಿದೊಡನೆ ಅವರು ನಿದ್ದೆ ಹೋಗುತ್ತಾರೆ, ಪಾಪ!

ಇಲ್ಲಿಗೆ ಒಂದು ಆಕ್ಷೇಪ ಬರುತ್ತದೆಂದು ಬಲ್ಲೆ. ‘ಪೊಲೀಸ್ ಕೆಲಸವೆಂದರೆ ಗುಮಾಸ್ತೆಯ ಕೆಲಸವಲ್ಲ. ಕಳ್ಳ ಗಡಿಯಾರ ನೋಡಿ ಬರುತ್ತಾನೆಯೇ? ಗೊತ್ತಿದ್ದೇ ಸೇರಿದವರು ಈಗ ಗೊಣಗುವುದೇಕೆ?’ ಎನ್ನುವ ಮಹನೀಯರಿದ್ದಾರೆ. ಅವರ ಬೆನ್ನಿಗೆ ಬ್ರಿಟಿಷರ ಕಾಲದ ಕಾನೂನೂ ನಿಂತಿತ್ತು. 1861ರ ಪೊಲೀಸ್ ಕಾಯಿದೆಯ 22ನೆಯ ಪ್ರಕರಣ, ಪೊಲೀಸನನ್ನು ಸದಾ ಕರ್ತವ್ಯದಲ್ಲಿರುವವನೆಂದು ಭಾವಿಸತಕ್ಕದ್ದೆಂದು ಹೇಳಿತು. ಕರೆ ಬಂದಾಗ ಬರಬೇಕೆಂಬುದು ಅದರ ತಾತ್ಪರ್ಯ. ಕರೆ ಇರಲಿ ಇಲ್ಲದಿರಲಿ ಎಚ್ಚರವಾಗಿಯೇ ಇರಬೇಕೆಂದಲ್ಲ. ಹೆರಿಗೆ ಆಸ್ಪತ್ರೆಯಲ್ಲಿ ಕೂಸು ಗಡಿಯಾರ ನೋಡಿ ಹುಟ್ಟುವುದಿಲ್ಲ. ಆದರೂ ಅಲ್ಲಿಯ ದಾದಿಯರಿಗೆ ಪಾಳಿ ಉಂಟು. ರೈಲು ರಾತ್ರಿಯೆಲ್ಲ ಓಡುತ್ತದೆ. ಚಾಲಕ ದಾರಿಯಲ್ಲಿ ಬದಲಾಗುತ್ತಾನೆ. ಕೆಲಸ ನಿಲ್ಲಬಾರದೆಂಬುದಕ್ಕೂ ಅದೇ ಮನುಷ್ಯ ನಿಲ್ಲದೆ ದುಡಿಯಬೇಕೆಂಬುದಕ್ಕೂ ಇರುವ ವ್ಯತ್ಯಾಸ ಎಲ್ಲ ಇಲಾಖೆಗಳಿಗೂ ತಿಳಿದಿದೆ. ಪೊಲೀಸ್ ಇಲಾಖೆಯ ಮಟ್ಟಿಗೆ ಮಾತ್ರ ನಾವೆಲ್ಲ ಸೇರಿ ಅದನ್ನು ಮರೆತಿದ್ದೇವೆ.

‘ನಾವೆಲ್ಲ’ ಎಂದೆ. ತೂಕ ನೋಡಿಯೇ ಆಡಿದ ಮಾತು ಅದು. ಪೊಲೀಸನ ಮನೆಯ ಆ ಗಂಟೆಗಳನ್ನು ಯಾರು ತಿಂದರು? ಕಳ್ಳಕಾಕರು ತಿಂದದ್ದು ಒಂದಷ್ಟು. ಉಳಿದದ್ದನ್ನು ನಮ್ಮ ಮೆರವಣಿಗೆ, ನಮ್ಮ ಜಾತ್ರೆ, ಹೊಸ ವರ್ಷದ ಮಧ್ಯರಾತ್ರಿಯ ಕುಣಿತ, ಮಂತ್ರಿಗಳ ಸವಾರಿ, ಕ್ರಿಕೆಟ್ ಪಂದ್ಯ ಇವು ತಿಂದವು. 2025ರ ಜೂನ್ 3ರ ರಾತ್ರಿ ಬೆಂಗಳೂರಿನ ತಂಡ ಅಹಮದಾಬಾದಿನಲ್ಲಿ ಐಪಿಎಲ್ ಗೆದ್ದಾಗ ಇಲ್ಲಿಯ ಬೀದಿಗಳಲ್ಲಿ ಬೆಳಗಿನ ಜಾವದವರೆಗೆ ಜನ ಕುಣಿದರು. ಅಷ್ಟು ಹೊತ್ತೂ ಪೊಲೀಸರು ಬೀದಿಯಲ್ಲಿದ್ದರು. ಮರುದಿನ, ಜೂನ್ 4ರಂದೇ, ವಿಜಯೋತ್ಸವ ಏರ್ಪಟ್ಟಿತು. ಚಿನ್ನಸ್ವಾಮಿ ಕ್ರೀಡಾಂಗಣದ ಬಾಗಿಲಲ್ಲಿ ಕಾಲ್ತುಳಿತಕ್ಕೆ 11 ಜನ ಬಲಿಯಾದರು. ಸತ್ತವರ ಮನೆಗಳ ದುಃಖಕ್ಕೆ ಸಮಾಧಾನವಿಲ್ಲ; ತಪ್ಪು ಯಾರದೆಂಬ ವಾದಕ್ಕೆ ನಾನು ಇಲ್ಲಿ ಇಳಿಯುವುದಿಲ್ಲ. ಆ ಪ್ರಕರಣದಲ್ಲಿ ಅಮಾನತಾದ ಅಧಿಕಾರಿಯೊಬ್ಬರ ಅರ್ಜಿಯನ್ನು ಜುಲೈ ತಿಂಗಳಲ್ಲಿ ತೀರ್ಮಾನಿಸುವಾಗ ಕೇಂದ್ರ ಆಡಳಿತ ನ್ಯಾಯಮಂಡಳಿ, ಪೊಲೀಸರೂ ಮನುಷ್ಯರೇ, ಅವರು ದೇವರೂ ಅಲ್ಲ, ಮಾಂತ್ರಿಕರೂ ಅಲ್ಲ ಎಂಬರ್ಥದ ಮಾತನ್ನು ಹೇಳಬೇಕಾಯಿತು. ಪೊಲೀಸರು ಮನುಷ್ಯರೆಂಬುದನ್ನು ಒಂದು ನ್ಯಾಯಮಂಡಳಿ ತೀರ್ಪಿನಲ್ಲಿ ಬರೆದು ಸಾರಬೇಕಾಯಿತಲ್ಲ, ಇದಕ್ಕಿಂತ ನಾಚಿಕೆಯ ಮಾತು ಬೇರೆ ಬೇಕೆ?

ಅದೇ ಜೂನ್ 4ಕ್ಕೆ ನಮ್ಮ ರಾಜ್ಯದ ಪೊಲೀಸ್ ಇತಿಹಾಸದಲ್ಲಿ ಇನ್ನೊಂದು ನೆನಪೂ ಉಂಟು. 2016ರ ಜೂನ್ 4ರಂದು ಕರ್ನಾಟಕದ ಪೊಲೀಸರು ಸಾಮೂಹಿಕ ರಜೆ ಹಾಕುತ್ತಾರೆಂಬ ಸುದ್ದಿ ಹಬ್ಬಿತ್ತು. ಬೇಡಿಕೆ ಸಂಬಳದ್ದು, ರಜೆಯದ್ದು, ಕೆಲಸದ ಹೊತ್ತಿನದ್ದು. ಸಂಘಟನೆಯ ಮುಂದಾಳನ್ನು ರಾಜದ್ರೋಹದ ಆರೋಪದ ಮೇಲೆ ಬಂಧಿಸಲಾಯಿತು. ಆ ದಿನ ಸಪ್ಪೆಯಾಗಿ ಕಳೆಯಿತು. ಆ ವರ್ಷವೇ ಹಿರಿಯ ಪೊಲೀಸ್ ಅಧಿಕಾರಿ ರಾಘವೇಂದ್ರ ಔರಾದಕರ್ ಅವರ ಸಮಿತಿ ವೇತನದ ಬಗ್ಗೆ ವರದಿ ಕೊಟ್ಟಿತು. ಅದರ ಫಲ ಒಂದಿಷ್ಟಾದರೂ ಪೊಲೀಸರ ಕೈಗೆ ಬರಲು 2019 ಬರಬೇಕಾಯಿತು.

1966ರ ಪೊಲೀಸ್ ಪಡೆಗಳ ಹಕ್ಕುಗಳ ನಿರ್ಬಂಧ ಕಾಯಿದೆಯ ಪ್ರಕಾರ ಪೊಲೀಸನು ಅನುಮತಿಯಿಲ್ಲದೆ ಸಂಘ ಕಟ್ಟುವಂತಿಲ್ಲ. ಆಯುಧ ಹಿಡಿದವರಿಗೆ ಇಂಥದೊಂದು ಕಟ್ಟು ಬೇಕೆಂಬ ವಾದವನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ ಬಾಯಿ ಕಟ್ಟಿದವನ ಹೊಟ್ಟೆಯನ್ನು ಕಟ್ಟಿದವರೇ ನೋಡಿಕೊಳ್ಳಬೇಕಷ್ಟೆ? ನೋಡಿಕೊಳ್ಳದಿದ್ದಾಗ ಮಾತು ಮನೆಯೊಳಗಿನಿಂದ ಹೊರಡುತ್ತದೆ. 2019ರ ನವೆಂಬರಿನಲ್ಲಿ ದಿಲ್ಲಿಯ ತೀಸ್ ಹಜಾರಿ ನ್ಯಾಯಾಲಯದ ಆವರಣದಲ್ಲಿ ವಕೀಲರಿಗೂ ಪೊಲೀಸರಿಗೂ ಹೊಡೆದಾಟವಾದ ಮೇಲೆ ಪೊಲೀಸರ ಮನೆಯವರು ಇಂಡಿಯಾ ಗೇಟಿನ ಬಳಿ ಬೀದಿಗಿಳಿದರು. 2024ರ ಅಕ್ಟೋಬರಿನಲ್ಲಿ ತೆಲಂಗಾಣದಲ್ಲಿ ಇನ್ನೂ ದೊಡ್ಡದೊಂದು ಪ್ರಸಂಗ ನಡೆಯಿತು. ಅಲ್ಲಿಯ ವಿಶೇಷ ಪೊಲೀಸ್ ದಳದ ಕಾನ್‌ಸ್ಟೇಬಲ್ಲುಗಳು ಊರಿಂದೂರಿಗೆ ಅಲೆಯುವವರು. ಅವರು ಮನೆಗೆ ಹೋಗಿಬರುವ ಸರದಿಯ ಅಂತರವನ್ನು ಹೆಚ್ಚಿಸಿ ಆದೇಶ ಹೊರಟಾಗ ಅವರ ಹೆಂಡಂದಿರು ಕೂಸುಗಳನ್ನೆತ್ತಿಕೊಂಡು ರಸ್ತೆಗೆ ಬಂದರು. ಗಂಡನ ಮುಖ ನೋಡುವುದು ಯಾವಾಗ ಎಂಬುದೇ ಅವರ ಪ್ರಶ್ನೆ. ಪ್ರತಿಭಟನೆ ದಳಗಳೊಳಕ್ಕೂ ಹಬ್ಬಿತು. ತಿಂಗಳು ಕಳೆಯುವ ಮುನ್ನ 39 ಮಂದಿ ಅಮಾನತಾದರು, 10 ಮಂದಿ ಕೆಲಸದಿಂದ ವಜಾ ಆದರು. ಶಿಸ್ತಿನ ದೃಷ್ಟಿಯಿಂದ ಅದು ಸರಿಯೋ ತಪ್ಪೋ, ತಿಳಿದವರು ಹೇಳಲಿ. ಆದರೆ ಹೆಂಡತಿ ಬಾಯಿಬಿಟ್ಟರೆ ಗಂಡನ ಅನ್ನಕ್ಕೆ ಸಂಚಕಾರ ಬರುತ್ತದೆಂದು ಪ್ರತಿಯೊಂದು ಪೊಲೀಸ್ ಲೈನಿನ ಹೆಂಗಸೂ ಅಂದು ಪಾಠ ಕಲಿತಿದ್ದಾಳೆ. ಆ ಪಾಠ ಕಲಿತವಳನ್ನು ಶಾಮಿಯಾನದಲ್ಲಿ ಕೂರಿಸಿ, ‘ನಿಮ್ಮ ಕಷ್ಟವನ್ನು ಮನಸ್ಸು ಬಿಚ್ಚಿ ಹೇಳಿ ತಾಯಿ’ ಎಂದರೆ ಏನು ಹೇಳಿಯಾಳು? ‘ಎಲ್ಲಾ ಚೆನ್ನಾಗಿದೆ ಸ್ವಾಮಿ’ ಎನ್ನುತ್ತಾಳೆ. ಅದನ್ನು ವರದಿಯಲ್ಲಿ ಬರೆದುಕೊಂಡು ನಾವು ಮನೆಗೆ ಹೋಗುತ್ತೇವೆ.

ಹಾಗಾದರೆ ಮನಸ್ಸಿನ ವೈದ್ಯರು ಬೇಡವೇ ಎಂದು ಕೇಳಬಹುದು. ಖಂಡಿತ ಬೇಕು. ಶವ ಇಳಿಸಿ ಬಂದವನ ಕೈ, ಗಲಭೆಯಲ್ಲಿ ಕಲ್ಲೇಟು ತಿಂದು ಬಂದವನ ತಲೆ, ಇವುಗಳ ನೋವು ರಜೆಯೊಂದರಿಂದಲೇ ಹೋಗುವುದಲ್ಲ. 2018ರಲ್ಲಿ ತಮಿಳುನಾಡು ಸರ್ಕಾರ ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ನೆರವು ಪಡೆದು ಪೊಲೀಸರಿಗೂ ಅವರ ಕುಟುಂಬದವರಿಗೂ ಒಂದು ಯೋಗಕ್ಷೇಮ ಕಾರ್ಯಕ್ರಮವನ್ನು ಆರಂಭಿಸಿತು. ಮನೆಯವರನ್ನೂ ಲೆಕ್ಕಕ್ಕೆ ತೆಗೆದುಕೊಂಡದ್ದು ಅದರ ಹೆಚ್ಚುಗಾರಿಕೆ. ಇಂಥ ನೆರವು ಫಲಿಸಬೇಕಾದರೆ ಒಂದು ಕಟ್ಟುನಿಟ್ಟು ಅಗತ್ಯ: ಸಲಹೆಗಾರನು ಇಲಾಖೆಯ ಅಧೀನನಾಗಿರಬಾರದು, ಅವನ ಕೋಣೆಯಲ್ಲಿ ಆಡಿದ ಮಾತು ಇನ್‌ಸ್ಪೆಕ್ಟರ ಮೇಜಿಗೆ ಹೋಗಬಾರದು. ಮನೆಯ ಗುಟ್ಟು ಬಡ್ತಿಯ ಕಡತಕ್ಕೆ ಸೇರುತ್ತದೆಂಬ ಅನುಮಾನ ಎಳ್ಳಷ್ಟಿದ್ದರೂ ಯಾವ ಹೆಂಗಸೂ ಆ ಬಾಗಿಲು ತಟ್ಟುವುದಿಲ್ಲ. ಜೊತೆಗೆ, ಸಲಹೆಗಾರನು ‘ಇವನಿಗೆ ನಾಲ್ಕು ದಿನ ಬಿಡುವು ಬೇಕು’ ಎಂದು ಬರೆದುಕೊಟ್ಟರೆ ಆ ಬಿಡುವು ಸಿಕ್ಕಬೇಕು. ಮದ್ದಿಲ್ಲದ ಚೀಟಿ ಬರೆಯುವ ವೈದ್ಯನಿಂದ ಯಾರಿಗೆ ಏನು ಪ್ರಯೋಜನ?

ಎಂಟು ಗಂಟೆಯ ಪಾಳಿ ಈ ದೇಶದಲ್ಲಿ ಆಗುವ ಹೋಗುವ ಮಾತೇ ಎನ್ನುವವರು ಮುಂಬಯಿಯತ್ತ ನೋಡಬೇಕು. 2016ರ ಮೇ ತಿಂಗಳಲ್ಲಿ ಅಲ್ಲಿಯ ದೇವನಾರ್ ಠಾಣೆಯಲ್ಲಿ ಎಂಟು ಗಂಟೆಯ ಪಾಳಿಯನ್ನು ಪ್ರಯೋಗಕ್ಕೆ ತಂದರು. ಅದರ ಯೋಜನೆ ಹಾಕಿದವನು ಯಾವ ತಜ್ಞನೂ ಅಲ್ಲ, ಅದೇ ಠಾಣೆಯ ಒಬ್ಬ ಕಾನ್‌ಸ್ಟೇಬಲ್. ಅವನು ಬರೆದುಕೊಟ್ಟದ್ದನ್ನು ಆಗಿನ ಪೊಲೀಸ್ ಕಮಿಷನರ್ ದತ್ತಾ ಪಡಸಲಗೀಕರ್ ಓದಿದರು, ಒಪ್ಪಿದರು. ಆಮೇಲೆ ಅದನ್ನು ನಗರದ ಇತರ ಠಾಣೆಗಳಿಗೂ ವಿಸ್ತರಿಸಿದರು. ಕೆಳಗಿನವನನ್ನು ಕೇಳಿದರೆ ಉತ್ತರ ಸಿಗುತ್ತದೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ದೇಶವಿಡೀ ಇದು ನಡೆಯಬೇಕಾದರೆ ಜನ ಬೇಕು, ನಿಜ. ಪಾಳಿ ಪದ್ಧತಿಗೆ ಠಾಣೆಗಳ ಸಿಬ್ಬಂದಿಯನ್ನು ಇರುವುದರ 1.68 ಪಟ್ಟು ಮಾಡಬೇಕೆಂದು ನಾನು ಮೇಲೆ ಹೇಳಿದ 2014ರ ಅಧ್ಯಯನ ಲೆಕ್ಕ ಕೊಟ್ಟಿದೆ. ಅದಕ್ಕೆ ಹಣ ಬೇಕು. ಆ ಹಣ ನಮ್ಮ ತೆರಿಗೆಯಿಂದಲೇ ಬರಬೇಕು. ಶಾಮಿಯಾನ ಅಗ್ಗ, ಮನುಷ್ಯರು ದುಬಾರಿ. ಅಗ್ಗದ್ದನ್ನು ಕೊಟ್ಟು ದುಬಾರಿಯದರ ಹೆಸರಿಡುವುದು ವ್ಯಾಪಾರಕ್ಕೆ ಹೇಳಿಸಿದ್ದು, ರಾಜ್ಯಭಾರಕ್ಕಲ್ಲ. ಬಿಹಾರದಂಥ ಕೆಲವು ಕಡೆ ರಜೆಗೆ ಬದಲಾಗಿ ಪೊಲೀಸರಿಗೆ ಹದಿಮೂರನೆಯ ತಿಂಗಳ ಸಂಬಳ ಕೊಡುವ ಪದ್ಧತಿಯುಂಟು. ದುಡ್ಡು ಬೇಡವೆನ್ನುವ ಬಡವನಿಲ್ಲ. ಆದರೆ ಮಗಳ ಶಾಲೆಯ ವಾರ್ಷಿಕೋತ್ಸವವನ್ನು ಹದಿಮೂರನೆಯ ತಿಂಗಳಲ್ಲಿ ಮತ್ತೆ ನಡೆಸುವವರು ಯಾರು?

ಪ್ರತಿ ವರ್ಷ ಅಕ್ಟೋಬರ್ 21ರಂದು ಪೊಲೀಸ್ ಹುತಾತ್ಮರ ದಿನ ಆಚರಿಸುತ್ತೇವೆ. 1959ರಲ್ಲಿ ಲಡಾಖಿನ ಹಾಟ್ ಸ್ಪ್ರಿಂಗ್ಸ್ ಎಂಬಲ್ಲಿ ಚೀನಿಯರ ಗುಂಡಿಗೆ ಕೇಂದ್ರ ಮೀಸಲು ಪೊಲೀಸ್ ಪಡೆಯ 10 ಮಂದಿ ಮಡಿದ ದಿನ ಅದು. ವರ್ಷದಲ್ಲಿ ಕರ್ತವ್ಯದ ಮೇಲೆ ಸತ್ತವರ ಹೆಸರುಗಳನ್ನು ಅಂದು ಓದುತ್ತಾರೆ. ಮುಂದಿನ ಸಾಲಿನಲ್ಲಿ ಅವರ ಪತ್ನಿಯರು ತಲೆ ತಗ್ಗಿಸಿ ಕುಳಿತಿರುತ್ತಾರೆ. ಆ ಗೌರವ ಸಲ್ಲತಕ್ಕದ್ದೇ. ಆದರೆ ಪೊಲೀಸನ ವಿಧವೆಯ ಮುಂದೆ ಟೋಪಿ ತೆಗೆಯಬಲ್ಲ ರಾಜ್ಯ ಪೊಲೀಸನ ಹೆಂಡತಿಗೆ ಒಂದು ಭಾನುವಾರವನ್ನು ಕೊಡಲಾರದೆಂದರೆ, ಆ ಗೌರವದಲ್ಲಿ ಎಲ್ಲೋ ಒಂದು ಬಿರುಕಿದೆ.

ಬರಿಯ ಟೀಕೆ ಸುಲಭ. ಆದ್ದರಿಂದ ಬೇಕಾದುದನ್ನೂ ಹೇಳಿಬಿಡುತ್ತೇನೆ. ವಾರದ ಡ್ಯೂಟಿ ಪಟ್ಟಿ ವಾರಕ್ಕೆ ಮುಂಚೆ ಮನೆಗೆ ತಿಳಿಯಲಿ. ವಾರದ ರಜೆಯನ್ನು ರದ್ದುಮಾಡುವ ಅಧಿಕಾರಿ ಕಾರಣವನ್ನು ಕಾಗದದ ಮೇಲೆ ಬರೆದು ಸಹಿ ಹಾಕಲಿ, ಬದಲು ದಿನವನ್ನೂ ಅದರಲ್ಲೇ ನಮೂದಿಸಲಿ. ಬಾಯಿಮಾತಿನ ರದ್ದು ಬೇಡ. ವರ್ಗಾವಣೆ ಶಾಲೆಯ ವರ್ಷ ಮುಗಿದ ಮೇಲೆ ಆಗಲಿ. ಮಹಿಳಾ ಸಿಬ್ಬಂದಿಯಿರುವ ಕಡೆ ಕೂಸಿನ ಮನೆ ಇರಲಿ, ರಾತ್ರಿ ಪಾಳಿಗೂ ಅದರ ಬಾಗಿಲು ತೆರೆದಿರಲಿ. ಪ್ರತಿ ಜಿಲ್ಲೆಯಲ್ಲೂ ಪೊಲೀಸ್ ಮನೆತನಗಳ ಹೆಂಗಸರು ಆರು ತಿಂಗಳಿಗೊಮ್ಮೆ ಇಲಾಖೆಯ ಹೊರಗಿನ ಒಬ್ಬ ಹಿರಿಯರ ಮುಂದೆ ಹೆಸರು ಹೇಳದೆ ಮಾತನಾಡುವ ಏರ್ಪಾಟಾಗಲಿ. ಆ ಮಾತಿಗಾಗಿ ಯಾವ ಗಂಡನಿಗೂ ಮೆಮೊ ಹೋಗಕೂಡದು. 2019ರ ಆ ಸಮೀಕ್ಷೆ ಪೊಲೀಸರ ಜೊತೆಗೆ 10,000ಕ್ಕೂ ಹೆಚ್ಚು ಮಂದಿ ಮನೆಯವರನ್ನೂ ಮಾತನಾಡಿಸಿತು. ಹೊರಗಿನ ಎರಡು ಸಂಸ್ಥೆಗಳು ಮಾಡಬಲ್ಲ ಕೆಲಸ ಸರ್ಕಾರಕ್ಕೆ ಭಾರವಾಗದು. ಇನ್ನು ಈ ಪತ್ರಿಕೆಯನ್ನು ಬೆಳಗಿನ ಕಾಫಿಯೊಡನೆ ಓದುವ ನಮ್ಮ ಪಾಲೂ ಇದೆ. ನಮ್ಮ ಬಡಾವಣೆಯ ಗಣಪತಿಯನ್ನು ರಾತ್ರಿ ಹತ್ತರೊಳಗೆ ನೀರಿಗೆ ಬಿಟ್ಟರೆ ಎಷ್ಟೋ ಮನೆಗಳಲ್ಲಿ ಅಂದು ತಂದೆಯೊಡನೆ ಊಟವಾಗುತ್ತದೆ.

ಇಷ್ಟಾದ ಮೇಲೆ ಯೋಗವೂ ಇರಲಿ, ರಂಗೋಲಿಯೂ ಇರಲಿ. ಉದ್ಘಾಟನೆಗೆ ಬರುವ ಮಂತ್ರಿಗಳಲ್ಲಿ ನನ್ನದೊಂದೇ ಅರಿಕೆ. ದೀಪ ಹಚ್ಚುವ ಮುನ್ನ ಸಭೆಯತ್ತ ಒಮ್ಮೆ ಕಣ್ಣಾಡಿಸಿ. ಹೆಂಡತಿಯ ಪಕ್ಕದ ಕುರ್ಚಿಯಲ್ಲಿ ಗಂಡ ಕುಳಿತಿದ್ದರೆ ಭಾಷಣ ಆರಂಭಿಸಿ. ಅವನು ಹೊರಗೆ ಬಿಸಿಲಲ್ಲಿ ನಿಮ್ಮ ಕಾರಿಗೆ ಬಂದೋಬಸ್ತು ನಿಂತಿದ್ದರೆ, ಅವನನ್ನು ಒಳಕ್ಕೆ ಕರೆಯಿರಿ, ಇಬ್ಬರನ್ನೂ ಮನೆಗೆ ಕಳಿಸಿಕೊಡಿ. ಆ ದಿನದ ಕ್ಷೇಮ ಕಾರ್ಯಕ್ರಮ ಅಲ್ಲಿಗೆ ಚೆನ್ನಾಗಿಯೇ ಮುಗಿಯುತ್ತದೆ.